ಭರಣಿಯೊಳಗಿನ ಹೊಳೆ

ಆಶ್ಲೇಷಾ ಮಳೆ ಹಿಡಿದು ಆರೇಳು ದಿನ ಕಳೆದ ಒಂದು ಬೆಳಗ್ಗೆ, ಹುಳಿಗೆ ಮೊಗೆಕಾಯಿ ಬೇಕೆಂದು ಆಯಿ ಹೇಳಿದಳು. ನಾನು ಅಟ್ಟ ಹತ್ತಿದೆ. ಏಣಿಯ ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅಡುಗೆಮನೆಯ ಸದ್ದೆಲ್ಲ ಕೆಳಗೇ ಉಳಿದು, ಹೆಂಚಿನ ಮೇಲೆ ಸುರಿಯುವ ಮಳೆಯೊಂದೇ ಕಿವಿಗೆ ತೀರ ಹತ್ತಿರವಾಯಿತು. ಹೊಗೆ ಹಿಡಿದ ಬಿದಿರು, ಒಣಗಿದ ಬಾಳೆಪಟ್ಟೆ, ಕಳೆದ ವರ್ಷದ ಅಡಿಕೆಯ ಒಗರು, ಗೋಣಿತಾಟಿನ ಮಣ್ಣುವಾಸನೆ ಎಲ್ಲ ಕಲೆತು, ಯಾವುದು ಯಾವುದೆಂದು ಬಿಡಿಸಲಾಗದ ಒಂದೇ ಕಂಪಾಗಿ ಅಲ್ಲಿ ನಿಂತಿತ್ತು. ನಮ್ಮ ಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚಿದೆ. ಅದರ ಮೇಲೆ ನೀರು ಹರಿಯುವಾಗ ಒಳಗಿಳಿಯುವ ಬೆಳಕೂ ಹರಿಯುತ್ತದೆ. ಆ ಹರಿಯುವ ಮಸುಕಿನಲ್ಲಿ, ಗಳಕ್ಕೆ ಬಾಳೆನಾರಿನಿಂದ ಕಟ್ಟಿ ಇಳಿಬಿಟ್ಟ ಮೊಗೆಕಾಯಿಗಳು, ಹಳದಿ ಮೈಯ ಮೇಲೆ ಹಸಿರು ಗೀರು ಹೊತ್ತುಕೊಂಡು, ಒಂದನ್ನೊಂದು ಮುಟ್ಟದೆ, ಸಾಲಾಗಿ ತೂಗುತ್ತಿದ್ದವು.

ಅವನ್ನು ಕೊಯ್ದದ್ದು ಚೈತ್ರದಲ್ಲಿ. ಭತ್ತ ಕೊಯ್ದು ಬರಿದಾದ ಗದ್ದೆಯ ಮೂಲೆಯಲ್ಲಿ ಬೇಸಿಗೆಯುದ್ದಕ್ಕೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಬಳ್ಳಿ ಅದು. ಈಗ ಆ ಬಳ್ಳಿಯ ಗುರುತೂ ಇಲ್ಲ, ಅದು ಹಬ್ಬಿದ್ದ ನೆಲದಲ್ಲಿ ನೆಟ್ಟಿಯ ಸಸಿ ನೀರಲ್ಲಿ ನಿಂತು ತೊಯ್ಯುತ್ತಿದೆ. ತಾಯಿ ಕೊಳೆತು ಮಣ್ಣಾಗಿ, ಆ ಮಣ್ಣು ಇನ್ನೊಂದು ಬೆಳೆಗೆ ಅನ್ನವಾದ ಮೇಲೂ ಮಗು ಇಲ್ಲಿ ಕತ್ತಲಲ್ಲಿ ತಣ್ಣಗೆ, ದುಂಡಗೆ, ಏನೂ ಆಗಿಲ್ಲವೆಂಬಂತೆ ತೂಗಿಕೊಂಡಿದೆ. ಒಂದರ ಕೆಳಗೆ ಅಂಗೈ ಒಡ್ಡಿ ಭಾರ ನೋಡಿದೆ. ಕೀಳಬೇಕೆಂದು ಬಂದವಳು ಸುಮ್ಮನೆ ಹಿಡಿದುಕೊಂಡು ನಿಂತುಬಿಟ್ಟೆ.

ಕೊಯ್ದ ಕಾಯಿ ಸತ್ತ ಕಾಯಿಯಲ್ಲ. ಶಾಲೆಯಲ್ಲಿ ಓದಿದ್ದ ಈ ಮಾತು ಅಂಗೈಗೆ ಇಳಿದದ್ದು ಆ ಹೊತ್ತಿನಲ್ಲಿ. ಬಳ್ಳಿಯಿಂದ ಬೇರೆಯಾದ ಮೇಲೂ ಅದು ಉಸಿರಾಡುತ್ತದೆ. ಗಾಳಿಯಲ್ಲಿನ ಆಮ್ಲಜನಕವನ್ನು ಸಿಪ್ಪೆಯ ಮೂಲಕ ಒಳಗೆಳೆದು, ತನ್ನೊಳಗೆ ಕೂಡಿಟ್ಟ ಸಕ್ಕರೆಯನ್ನು ಕಣಕಣವಾಗಿ ಕರಗಿಸಿಕೊಂಡು, ಚೂರು ನೀರು, ಚೂರು ಬಿಸಿ, ಚೂರು ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತದೆ. ರಾಶಿ ಹಾಕಿದರೆ ಒಂದರ ಬಿಸಿ ಇನ್ನೊಂದಕ್ಕೆ ತಗುಲಿ, ಬೆವರಿ, ಕೊಳೆಯುತ್ತವೆ. ಹಾಗಾಗದಿರಲಿ ಎಂದೇ ಒಂದೊಂದಕ್ಕೂ ಸುತ್ತ ಗಾಳಿಯಾಡುವಷ್ಟು ಜಾಗ ಬಿಟ್ಟು ಕಟ್ಟುವುದು. ಉಸಿರಾಟದ ಪಾಠ ಓದದ ಅಮ್ಮಮ್ಮ ಬಾಳೆನಾರಿನ ಗಂಟು ಬಿಗಿಯುತ್ತ, “ಮೈಗೆ ಮೈ ತಾಗಡ” ಎಂದು ಕಾಯಿಗಳಿಗೇ ಹೇಳುತ್ತಿದ್ದಳು. ಹಾಗಾದರೆ ಈ ಅಟ್ಟ ಖಾಲಿಯಲ್ಲ. ಮಳೆಯ ಸದ್ದಿನ ಅಡಿಯಲ್ಲಿ, ಯಾವ ಕಿವಿಗೂ ಕೇಳದಷ್ಟು ಮೆಲ್ಲಗೆ, ಇಪ್ಪತ್ತು ಮೊಗೆಕಾಯಿ, ಮೂಲೆಯಲ್ಲಿ ಕೂತ ಐದು ಬೂದುಗುಂಬಳ, ಬುಟ್ಟಿಯಲ್ಲಿನ ಸುವರ್ಣಗಡ್ಡೆ ಎಲ್ಲವೂ ಉಸಿರಾಡುತ್ತಿವೆ. ನಾನು ಅವುಗಳ ನಡುವೆ ನಿಂತು ನನ್ನದೇ ಉಸಿರನ್ನು ಸ್ವಲ್ಪ ಸಣ್ಣ ಮಾಡಿಕೊಂಡೆ, ದೇವರ ಕೋಣೆಯಲ್ಲಿ ಯಾರೋ ಜಪಕ್ಕೆ ಕೂತಾಗ ಹೊಸಿಲಲ್ಲೇ ನಿಂತುಕೊಳ್ಳುವ ಹಾಗೆ.

ಬೂದುಗುಂಬಳದ ಮೈಗೆ ಬೆರಳು ಆಡಿಸಿದರೆ ಬಿಳಿಯ ಪುಡಿ ಅಂಟುತ್ತದೆ. ಅದು ಕಾಯಿ ತಾನೇ ಹೊದ್ದುಕೊಂಡ ಮೇಣ, ಒಳಗಿನ ನೀರು ಆರದಂತೆ, ಹೊರಗಿನ ಬೂಸಲು ಒಳನುಗ್ಗದಂತೆ. ಎಳೆಯದರಲ್ಲಿ ರೋಮವಿರುತ್ತದೆ, ಬಲಿಯುತ್ತ ರೋಮ ಉದುರಿ ಈ ಬೂದಿ ಮೂಡುತ್ತದೆ. ಬೂದಿ ಬಂದ ಮೇಲೆಯೇ ಅದು ಇಡುವ ಕಾಯಿ.

ನಿಜವಾದ ಬೂದಿಯೂ ಅಟ್ಟದಲ್ಲಿದೆ. ಒಲೆಯ ಹೊಗೆ ಏರುವ ಕಡೆ, ಹಳೆಯ ಡಬ್ಬಿಗಳಲ್ಲಿ, ಜರಡಿ ಹಿಡಿದ ಬೂದಿಯ ನಡುವೆ ಬೀಜಗಳಿವೆ: ಬೆಂಡೆ, ಅಲಸಂದೆ, ಹರಿವೆ, ಬಸಳೆಯ ಕಪ್ಪು ಮಣಿ. ಹೀರೆಯ ಬೀಜಕ್ಕೆ ಡಬ್ಬಿಯೇ ಬೇಡ, ಬಳ್ಳಿಯಲ್ಲೇ ಒಣಗಿದ ಕಾಯಿಯನ್ನು ಹಾಗೇ ತೂಗಿಬಿಟ್ಟರೆ ಒಳಗಿನ ನಾರಿನ ಬಲೆಯೇ ಅದರ ಪೆಟ್ಟಿಗೆ. ಅಲ್ಲಾಡಿಸಿದರೆ ಗಿಲಗಿಲ ಎನ್ನುತ್ತದೆ. ಬೀಜವೂ ಉಸಿರಾಡುತ್ತದಂತೆ, ಮೊಗೆಕಾಯಿಗಿಂತ ಎಷ್ಟೋ ಪಾಲು ನಿಧಾನವಾಗಿ, ಬದುಕು ಇಷ್ಟಕ್ಕಿಂತ ಸಣ್ಣದಾದರೆ ಆರಿಯೇ ಹೋಗುತ್ತದೆ ಎನ್ನುವಷ್ಟು ಸಣ್ಣ ಉರಿಯಲ್ಲಿ. ಬೂದಿ ಅದರ ಸುತ್ತಲಿನ ಪಸೆಯನ್ನು ಹೀರಿ ಆ ನಿಧಾನವನ್ನು ಕಾಯುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಬಗೆಬಗೆಯ ಬೀಜಗಳನ್ನು ಮರಳಿನಲ್ಲಿ ಬೆರೆಸಿ, 20 ಬಾಟಲಿಗಳಲ್ಲಿ ತುಂಬಿ, ಬಾಯಿ ಕೆಳಗಾಗಿಸಿ ನೆಲದಲ್ಲಿ ಹೂತಿಟ್ಟ; ತಾನು ಹೋದ ಮೇಲೂ ಒಂದೊಂದನ್ನೇ ಯಾರಾದರೂ ತೆಗೆದು ಬಿತ್ತಿ ನೋಡಲಿ ಎಂದು. 2021ರಲ್ಲಿ, ಬೆಳಕು ಸೋಕಬಾರದೆಂದು ಇನ್ನೂ ಬೆಳಗಾಗುವ ಮೊದಲೇ ನಾಲ್ಕಾರು ಜನ ಹೋಗಿ ಒಂದು ಬಾಟಲಿ ಅಗೆದು ತಂದರು. 142 ವರ್ಷ ಮಣ್ಣಲ್ಲಿದ್ದ ಬೀಜಗಳಲ್ಲಿ ಕೆಲವು ಮೊಳೆತವು. ಕೊನೆಯ ಬಾಟಲಿಯ ಸರದಿ 2100ಕ್ಕೆ. ಈ ಸುದ್ದಿ ಓದಿದ ದಿನ ನನಗೆ ಆ ಬೀಲ್ ಮಹಾಶಯ ನಮ್ಮ ಅಮ್ಮಮ್ಮನ ನೆಂಟನಂತೆ ಕಂಡ. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಅವಳು ಬೂದಿಯಲ್ಲಿಟ್ಟ ಹಳದಿ ಬೆಂಡೆಯ ಸಂತಾನ ಈಗಲೂ ಪ್ರತಿ ಮಳೆಗಾಲ ಬಚ್ಚಲ ಹಿಂದೆ ಹೂ ಬಿಡುತ್ತದೆ, ನಸುಕಿನಲ್ಲಿ ಅರಳಿ ಸಂಜೆಗೆ ಮುದುಡುವ, ನಡುವೆ ಕಡುಗೆಂಪು ಕಣ್ಣಿರುವ ಹೂ.

ಹಿತ್ತಿಲೆಂದರೆ ಹೀಗೆ ಕಣ್ಣಿಗೆ ಬೀಳುವ ಹಸಿರಷ್ಟೇ ಎಂದುಕೊಂಡಿದ್ದೆ: ಬಸಳೆ ಚಪ್ಪರ, ತೊಂಡೆ ಚಪ್ಪರ, ಬಾವಿಕಟ್ಟೆಯ ಪಸೆಗೆ ಹರಡಿದ ಒಂದೆಲಗ, ಎಲೆಯ ಮೇಲೆ ನೀರನ್ನು ಪಾದರಸ ಮಾಡಿ ಆಡಿಸುವ ಕೆಸು, ತಂಬುಳಿಗೆ ಬೇಕಾದಾಗ ಬಗ್ಗಿ ಚಿವುಟುವ ಹತ್ತೆಂಟು ಚಿಗುರು. ಆದರೆ ಹಿತ್ತಿಲಿನ ಅರ್ಧ ಭಾಗ ಮನೆಯೊಳಗೇ ಇದೆ, ಅಟ್ಟದಲ್ಲಿ, ನಾಗಂದಿಗೆಯಲ್ಲಿ, ಅಡುಗೆಮನೆಯ ಕತ್ತಲ ಮೂಲೆಯಲ್ಲಿ. ಅಲ್ಲಿ ಋತುಗಳು ಹೊರಗಿನಂತೆ ಓಡುವುದಿಲ್ಲ.

ನಮ್ಮ ಕಡೆ ಜೂನಿನಲ್ಲಿ ಮುಚ್ಚಿದ ಆಕಾಶ ಸರಿಯಾಗಿ ತೆರೆಯುವುದು ನವರಾತ್ರಿಯ ಹೊತ್ತಿಗೆ. ಹಾಗೆ ಮುಚ್ಚುವ ಮೊದಲಿನ ಮೂರು ತಿಂಗಳು ಮನೆಯವರೆಲ್ಲ ಅಂಗಳದಲ್ಲೇ. ಅಡಿಕೆ ಎದ್ದ ಅಂಗಳಕ್ಕೆ ಸಗಣಿ ಸಾರಿಸಿ, ಚಾಪೆ ಹಾಸಿ, ಒಂದು ದಿನ ಹಲಸಿನ ಹಪ್ಪಳ, ಒಂದು ದಿನ ಅರಳು ಸಂಡಿಗೆ, ಮಧ್ಯೆ ಮುರುಗಲು ಸಿಪ್ಪೆ, ರಾತ್ರಿಯೆಲ್ಲ ಉಪ್ಪುಮಜ್ಜಿಗೆಯಲ್ಲಿ ನೆಂದು ಹಗಲೆಲ್ಲ ಬಿಸಿಲಲ್ಲಿ ಒಣಗಿ, ಮತ್ತೆ ರಾತ್ರಿ ಅದೇ ಮಜ್ಜಿಗೆಗೆ ಮರಳುವ ಮೆಣಸು. ಮಜ್ಜಿಗೆ ಪೂರ್ತಿ ಹೀರಿ ಮುಗಿಯುವವರೆಗೆ ಆ ಮೆಣಸಿಗೆ ಹಗಲು ರಾತ್ರಿಗಳ ಓಡಾಟ ತಪ್ಪುವುದಿಲ್ಲ. ಬಲಿತ ಹಲಸಿನ ಸೊಳೆ ಬೇಯುವ ವಾಸನೆ, ಬಾಳೆಲೆಯ ಮೇಲೆ ತಟ್ಟಿದ ಹಪ್ಪಳ ಅರೆ ಒಣಗಿ ಎಲೆಯಿಂದ ಏಳುವಾಗ ಅದರ ಬೆನ್ನಿಗೆ ಮೂಡಿದ ಎಲೆಯ ಗೀರು, ಸಂಜೆ ಬಿಸಿಲಲ್ಲಿ ಎತ್ತಿ ಹಿಡಿದರೆ ಅದರಾಚೆ ಕಾಣುವ ಬೆರಳ ನೆರಳು. ಎಷ್ಟೋ ಸಲ ನಾನು ಕಾಗೆ ಕಾಯುವ ನೆಪದಲ್ಲಿ ಇದನ್ನೇ ನೋಡುತ್ತ ಕೂತಿದ್ದೇನೆ.

ಆದರೆ ಎಲ್ಲಕ್ಕೂ ಮೊದಲು ಬರುವುದು ಮಾವಿನ ಮಿಡಿ.

ಶಿವರಾತ್ರಿ ಕಳೆದು ಬಿಸಿಲಿಗೆ ಚುರುಕು ಬಂದಾಗ ಹೊಳೆದಂಡೆಯ ಅಪ್ಪೆಮರಗಳ ಸುದ್ದಿ ಮನೆಯಿಂದ ಮನೆಗೆ ಓಡಾಡತೊಡಗುತ್ತದೆ. ಯಾವ ಮರ ಈ ವರ್ಷ ಹಿಡಿದಿದೆ, ಯಾವುದು ರಜೆ ತೆಗೆದುಕೊಂಡಿದೆ ಎಂದು. ಒಂದು ವರ್ಷ ಮೈತುಂಬ ಕೊಟ್ಟ ಮರ ಮರುವರ್ಷ ಬರೇ ಎಲೆ ತೂಗುತ್ತ ನಿಲ್ಲುವುದುಂಟು, ಅದಕ್ಕೆ ಯಾರೂ ಬೇಸರಿಸುವುದಿಲ್ಲ. ಮರಗಳಿಗೆ ಹೆಸರುಗಳಿವೆ. ಅನಂತಭಟ್ಟನ ಅಪ್ಪೆ ಎಂಬ ಹೆಸರು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ನಮ್ಮ ಹೊಳೆ ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿತೆಂದು ಹೇಳುವ ಈ ಹೊಳೆ ಸಿದ್ಧಾಪುರದ ಕಾಡಿನಲ್ಲಿ ಉಂಚಳ್ಳಿಯ ಬಳಿ 116 ಮೀಟರ್ ಧುಮುಕಿ, ಕಣಿವೆ ಹಿಡಿದು, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ತಡೆದು ನಿಲ್ಲದೆ ಕುಮಟಾ ಸೀಮೆಯಲ್ಲಿ ಸಮುದ್ರ ಸೇರುತ್ತದೆ. ಅದರ ದಂಡೆಯ ನೆರಳಿನಲ್ಲಿ, ಬೇರು ಸದಾ ಪಸೆಯಲ್ಲಿಟ್ಟುಕೊಂಡು, ಯಾರೂ ನೆಡದ ಮಾವು ಎತ್ತರಕ್ಕೆ ಬೆಳೆದು ನಿಂತಿದೆ. ಎಲೆ ಹೊಸಕಿ ಮೂಸಿದರೆ ಮರದ ಗುಟ್ಟು ತಿಳಿಯುತ್ತದೆ: ಇದು ಜೀರಿಗೆ, ಇದು ಕರ್ಪೂರ, ಇದಕ್ಕೆ ಹೆಸರಿಲ್ಲ, ಆದರೆ ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಕೊಯ್ಯುವವ ಮರ ಹತ್ತಿದನೆಂದರೆ ಕೆಳಗಿದ್ದವರ ಮಾತು ತಾನಾಗಿ ಸಣ್ಣದಾಗುತ್ತದೆ. ಮಿಡಿ ನೆಲಕ್ಕೆ ಬೀಳಬಾರದು, ಬಿದ್ದದ್ದು ಕಾಣದ ಪೆಟ್ಟು ತಿಂದು, ಭರಣಿಯಲ್ಲಿ ತಾನೂ ಕೆಟ್ಟು ಉಳಿದವನ್ನೂ ಕೆಡಿಸುತ್ತದೆ. ಹಾಗಾಗಿ ಹಗ್ಗಕ್ಕೆ ಕಟ್ಟಿದ ಬುಟ್ಟಿ, ಕೊಂಬೆ ಕೊಂಬೆಗೆ ತಡೆಯುತ್ತ, ತಿರುಗುತ್ತ, ಮೆಲ್ಲಗೆ ಕೆಳಗಿಳಿಯುತ್ತದೆ. ಮೇಲಿನಿಂದ ಇಳಿದ ಬುಟ್ಟಿಗೆ ಎರಡೂ ಕೈ ಚಾಚುವ ಹೆಂಗಸರನ್ನು ನೋಡಿದರೆ ತೊಟ್ಟಿಲಿನಿಂದ ಕೂಸು ಎತ್ತಿಕೊಳ್ಳುವ ನೆನಪಾಗುತ್ತದೆ. ಪ್ರತಿ ಮಿಡಿಗೂ ತೊಟ್ಟು ಉಳಿದಿರಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಮರದ ಗುಟ್ಟೆಲ್ಲ ಇರುವುದು ಆ ಸೊನೆಯಲ್ಲೇ.

ಮನೆಗೆ ಬಂದ ಮೇಲೆ ತೊಳೆದು, ಹಳೆಯ ಪಂಚೆಯ ಮೇಲೆ ಹರಡಿ, ಒಂದೊಂದನ್ನೂ ಒರೆಸುವುದು. ಅಮ್ಮಮ್ಮ ಈ ದಿನ ಮಿಂದು, ಕೂದಲು ಒಣಗಿಸಿಕೊಂಡು, ಬೆರಳ ಸಂದಿಯನ್ನೂ ಸೆರಗಿನಲ್ಲಿ ಒತ್ತಿಕೊಂಡು ಕೂರುತ್ತಿದ್ದಳು. “ಹಸಿ ಕೈ ಹಾಕಡ ಕೂಸೇ” ಎನ್ನುವ ಅವಳ ಮಾತಿನಲ್ಲಿ ಗದರಿಕೆ ಇರುತ್ತಿರಲಿಲ್ಲ, ಒಂದು ಬಗೆಯ ಬೇಡಿಕೆ ಇರುತ್ತಿತ್ತು. ಆಮೇಲೆ ಪಿಂಗಾಣಿ ಭರಣಿಯ ತಳಕ್ಕೆ ಒಂದು ಹಿಡಿ ಕಲ್ಲುಪ್ಪು. ಅದರ ಮೇಲೆ ಒಂದು ಪದರ ಮಿಡಿ. ಮತ್ತೆ ಉಪ್ಪು. ಉಪ್ಪು ಮಿಡಿಯ ಮೇಲೆ ಬೀಳುವಾಗ ಸಣ್ಣ ಮಳೆ ಒಣ ಎಲೆಯ ಮೇಲೆ ಬಿದ್ದಂಥ ಸದ್ದು. ಒಂದು ತೊಟ್ಟು ನೀರನ್ನೂ ಯಾರೂ ಹಾಕುವುದಿಲ್ಲ. ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಿ ಮೂಲೆಗೆ ಸರಿಸಿಬಿಡುವುದು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅಮ್ಮಮ್ಮ ಬಟ್ಟೆ ಬಿಚ್ಚಿ ನನ್ನನ್ನು ಕರೆಯುತ್ತಿದ್ದಳು. ಒಣ ಉಪ್ಪು, ಒಣ ಮಿಡಿ ಹಾಕಿದ್ದ ಭರಣಿಯಲ್ಲಿ ನೀರು ನಿಂತಿರುತ್ತಿತ್ತು! ಕಂದುಹಸಿರಿನ, ಜೀರಿಗೆಯ ಕಂಪಿನ ನೀರು, ಮಿಡಿಯನ್ನು ಅರ್ಧ ಮುಳುಗಿಸಿಕೊಂಡು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆ ಕರೆದಿದೆ, ಆ ನೀರಲ್ಲಿ ತಾನು ಕರಗಿದೆ, ಕರಗಿ ಮಿಡಿಯ ಒಳಗೆ ಹೋಗಿದೆ. ಮಿಡಿ ದಿನದಿನಕ್ಕೂ ಚಿರುಟುತ್ತ, ತನ್ನದೇ ನೀರಿನಲ್ಲಿ ಮುಳುಗುತ್ತ, ಕೊನೆಗೆ ಗಾಳಿ ಸುಳಿಯದ ಆಳದಲ್ಲಿ ನಿಶ್ಚಲವಾಗುತ್ತದೆ. ಕೊಳೆಸುವ ಜೀವಾಣುಗಳು ಅಷ್ಟು ಉಪ್ಪಿನಲ್ಲಿ, ಅಷ್ಟು ಹುಳಿಯಲ್ಲಿ ಬದುಕಲಾರವು. ಆದರೆ ಉಪ್ಪನ್ನು ಸಹಿಸುವ ಬೇರೆ ಕೆಲವು ಜೀವಾಣುಗಳಿವೆ, ಹಾಲನ್ನು ಮೊಸರು ಮಾಡುವವುಗಳ ಬಳಗ, ಅವು ಅಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುತ್ತ ಇನ್ನೊಂದಿಷ್ಟು ಹುಳಿ ಕೂಡಿಸುತ್ತವೆ. ಕಿವಿಯಿಟ್ಟರೆ ಆಗೊಮ್ಮೆ ಈಗೊಮ್ಮೆ ಒಂದು ಗುಳ್ಳೆ ಮೇಲೆ ಬಂದು ಒಡೆಯುವುದು ಕೇಳಿಸುತ್ತದೆ. ನಾನು ಭರಣಿಯ ತಣ್ಣನೆ ಹೊಟ್ಟೆಗೆ ಕೆನ್ನೆ ಒತ್ತಿ ಅದನ್ನು ಕೇಳುತ್ತ ಕೂತಿರುತ್ತಿದ್ದೆ. ಮಾತಾಡದ ಮನೆಯಲ್ಲಿ ಯಾರೋ ಒಬ್ಬರು ಏನನ್ನೋ ಹೇಳಲು ಬಾಯಿ ತೆರೆದು ಸುಮ್ಮನಾದ ಹಾಗೆ ಇರುತ್ತಿತ್ತು ಆ ಸದ್ದು.

“ನಮ್ಮನೇಲಿ ಎಲ್ಲಾ ಹಿತ್ಲದ್ದೇಯ, ಉಪ್ಪೊಂದು ಬಿಟ್ಟು” ಎಂದು ಅಮ್ಮಮ್ಮ ಬಂದವರೆದುರು ಹೇಳುವಾಗ ಅವಳ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇರುತ್ತಿತ್ತು, ಕೊನೆಯ ಎರಡು ಶಬ್ದಕ್ಕೆ ಬರುವಾಗ ಅದು ತಗ್ಗುತ್ತಿತ್ತು. ಸೀಮೆಎಣ್ಣೆ, ಬಟ್ಟೆ, ಬ್ಯಾಡಗಿಯ ಮೆಣಸು ಹೊರಗಿನಿಂದಲೇ ಬರುತ್ತಿದ್ದವು, ಅವನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಬೇಡಿ ತರಬೇಕಾದದ್ದು ಉಪ್ಪು ಮಾತ್ರ. ಅವಳ ಅತ್ತೆಯ ಕಾಲಕ್ಕೆ ಅದು ದೇವಿಮನೆ ಘಟ್ಟ ಹತ್ತಿ ಎತ್ತಿನ ಗಾಡಿಯಲ್ಲಿ ಬರುತ್ತಿತ್ತಂತೆ. ಘಟ್ಟದ ಕೆಳಗಿನದು ಎಂದಷ್ಟೇ ಗೊತ್ತು. ಎಲ್ಲಿಂದ ಎಂದು ಅವಳೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವಳು ಹೋದ ಎರಡು ವರ್ಷಕ್ಕೆ, ಯಾವುದೋ ಮದುವೆಗೆ ಗೋಕರ್ಣಕ್ಕೆ ಹೋದವಳು ಸಾಣಿಕಟ್ಟಾದ ಉಪ್ಪಿನಾಗರದ ಬದುವಿನ ಮೇಲೆ ನಿಂತೆ. ಮಾರ್ಚ್ ತಿಂಗಳ ಇಳಿಹೊತ್ತು. ಕಣ್ಣು ಹೋದಷ್ಟು ದೂರ ಚೌಕ ಚೌಕವಾಗಿ ಕಟ್ಟಿದ ಮಣ್ಣಿನ ಮಡಿಗಳು, ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ. ಭರತದ ಹೊತ್ತಿಗೆ ಒಳಬಿಟ್ಟ ನೀರು ಮಡಿಯಿಂದ ಮಡಿಗೆ ಸರಿಯುತ್ತ, ಬಿಸಿಲಿಗೂ ಗಾಳಿಗೂ ತನ್ನನ್ನು ಒಪ್ಪಿಸಿಕೊಳ್ಳುತ್ತ, ಮೊದಲು ದಪ್ಪವಾಗಿ, ಆಮೇಲೆ ಮೇಲೊಂದು ಕೆನೆ ಕಟ್ಟಿ, ಕೊನೆಗೆ ಹರಳಾಗಿ ತಳಕ್ಕೆ ಕೂರುತ್ತದೆ. ಬಗ್ಗಿ ಬೆರಳ ತುದಿಗೆ ಒಂದು ಹರಳು ಅಂಟಿಸಿಕೊಂಡು ನೋಡಿದೆ. ಪುಟ್ಟ ಚೌಕ, ಮನುಷ್ಯರು ಕಟ್ಟಿದ ಆ ದೊಡ್ಡ ಚೌಕಗಳನ್ನು ನೀರು ತಾನೇ ಕಲಿತುಕೊಂಡು ಅಷ್ಟು ಸಣ್ಣದಾಗಿ ಬರೆದ ಹಾಗೆ. ಇಲ್ಲಿಗೆ ದೂರವಿಲ್ಲದ ಅಂಕೋಲೆಯ ಕಡಲದಂಡೆಯಲ್ಲಿ 1930ರಲ್ಲಿ ಜನ ಇದೇ ಬಿಳಿಯ ಹರಳಿಗಾಗಿ ಸರಕಾರದ ಕಾನೂನು ಮುರಿದು ಸೆರೆಮನೆಗೆ ಹೋದರು. ಅಷ್ಟು ಹಗುರದ್ದು ಬೆರಳ ಮೇಲೆ ಅಷ್ಟು ಭಾರವಾಗಬಲ್ಲದೆ ಎಂದು ನೋಡುತ್ತಲೇ ಇದ್ದೆ.

ಉಪ್ಪು ಎಳೆಯುತ್ತಿದ್ದವರೊಬ್ಬರನ್ನು, ಈ ನೀರು ಸಮುದ್ರದ್ದೇ ಅಲ್ಲವೇ ಎಂದು ಕೇಳಿದೆ. “ಸಮುದ್ರದ್ದೂ ಹೌದು, ಹೊಳೆದೂ ಹೌದು” ಎಂದರು ಅವರು, ಕೈಯಲ್ಲಿದ್ದ ಹಲಗೆಯನ್ನು ಪೂರ್ವದ ಕಡೆ ತೋರಿಸಿ. ಅಲ್ಲಿ, ತಗ್ಗಿನ ಹಸಿರು ದಾಟಿ, ಅಗಲವಾಗಿ ಹರಡಿ ನಿಂತ ನೀರಿತ್ತು, ಅದರಾಚೆ ನೀಲಿಯಲ್ಲಿ ಘಟ್ಟದ ಸಾಲು. ಅಘನಾಶಿನಿಯ ಅಳಿವೆ ಅದು.

ನನಗೆ ಆಗ ಆದದ್ದನ್ನು ಹೇಳಲು ಸರಿಯಾದ ಮಾತು ಇವತ್ತಿಗೂ ಸಿಕ್ಕಿಲ್ಲ. ಮೇಲೆ, ಆ ನೀಲಿಯ ಬೆನ್ನ ಹಿಂದೆ, ಹೊಳೆ ಇನ್ನೂ ಎಳೆಯದಾಗಿರುವಲ್ಲಿ ಅದರ ನೀರು ಕುಡಿದು ಅಪ್ಪೆಮರ ಮಿಡಿ ಬಿಟ್ಟಿದೆ. ಇಲ್ಲಿ, ಹೊಳೆ ತನ್ನ ಹೆಸರು ಕಳೆದುಕೊಳ್ಳುವಲ್ಲಿ, ಅದೇ ನೀರು ಕಡಲಿನ ಜೊತೆ ಕಲೆತು ಉಪ್ಪಾಗಿ ಕೂತಿದೆ. ಕಡಲಿನ ಉಪ್ಪಿನಲ್ಲಿ ಒಂದು ಪಾಲು ಬೆಟ್ಟದ್ದೇ, ಕಲ್ಲು ಸವೆಸಿ ಕಲ್ಲು ಸವೆಸಿ ಹೊಳೆಗಳು ಕೋಟ್ಯಂತರ ವರ್ಷ ಹೊತ್ತು ತಂದದ್ದು. ಅದು ಮತ್ತೆ ಗಾಡಿಯೇರಿ ಘಟ್ಟ ಹತ್ತಿ, ಅಮ್ಮಮ್ಮನ ಒಣ ಅಂಗೈಯಿಂದ ಜಾರಿ, ಮಿಡಿಯ ಮೇಲೆ ಬೀಳುತ್ತದೆ. ಹುಟ್ಟುವ ಹೊಳೆಯೂ ಮುಗಿಯುವ ಹೊಳೆಯೂ ನಮ್ಮ ಅಡುಗೆಮನೆಯ ಮೂಲೆಯ ಒಂದು ಭರಣಿಯಲ್ಲಿ ಒಂದನ್ನೊಂದು ಕಂಡು, ಕರಗಿ, ನೀರು ಬಿಡುತ್ತವೆ. ಉಪ್ಪೊಂದು ಬಿಟ್ಟು ಎಂದು ಅಮ್ಮಮ್ಮ ತಗ್ಗಿಸುತ್ತಿದ್ದ ಆ ದನಿಯನ್ನು ನೆನೆದು, ಬದುವಿನ ಮೇಲೆ ನಿಂತು, ಮದುವೆಯ ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಎರಡು ಸೇರು ಉಪ್ಪನ್ನು ಅಲ್ಲಿಂದ ಕಟ್ಟಿಸಿಕೊಂಡು ಬಂದೆ. ಅಂದಿನಿಂದ ನಮ್ಮ ಮಿಡಿಗೆ ಬೇರೆ ಉಪ್ಪು ಹಾಕಿಲ್ಲ.

ಮೊಗೆಕಾಯಿ ಹಿಡಿದು ನಾನು ಇಳಿದು ಬಂದಾಗ ಆಯಿ ಭರಣಿಯ ಮುಂದೆ ಕೂತಿದ್ದಳು. ಮಳೆ ಹಿಡಿದ ದಿನಗಳಲ್ಲಿ, ತರಕಾರಿ ಕಡಿಮೆಯಾದಾಗ, ಉಪ್ಪಿನಲ್ಲಿಟ್ಟ ಮಾವನ್ನೇ ಕಿವುಚಿ, ಸೂಜಿಮೆಣಸು ಜಜ್ಜಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟು ನೀರು ನೀರಾಗಿ ಅಪ್ಪೆಹುಳಿ ಮಾಡುವುದು ನಮ್ಮಲ್ಲಿ ವಾಡಿಕೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು, ಗಂಟು ಬಿಚ್ಚುವ ಮೊದಲು ಒಂದು ಗಳಿಗೆ ಸುಮ್ಮನೆ ಕೂತಳು. ಬಟ್ಟೆ ಸರಿದದ್ದೇ ತಡ, ಒಲೆಯ ಹೊಗೆಯನ್ನೂ ಮಳೆಯ ಮುಗ್ಗಲನ್ನೂ ಸೀಳಿಕೊಂಡು ಫಾಲ್ಗುಣದ ಹೊಳೆದಂಡೆ ಎದ್ದು ಬಂತು. ಹೊಸಕಿದ ಎಲೆ, ಸೊನೆ, ಬಿಸಿಲು ಕಾದ ಬಂಡೆ, ತಿರುಗುತ್ತ ಇಳಿಯುವ ಬುಟ್ಟಿ. ಮರದ ಸೌಟಿಗೆ ನಾಲ್ಕು ಚಿರುಟಿದ ಮಿಡಿ ಬಂದವು, ತೊಟ್ಟು ಇನ್ನೂ ಹಾಗೇ ಇತ್ತು.

ಹೊರಗೆ ಮಳೆ ಜೋರಾಯಿತು. ಇಂಥ ದಿನ ಹೊಳೆ ಕೆಂಪಾಗಿ ದಂಡೆಯುದ್ದಕ್ಕೂ ಏರಿರುತ್ತದೆ, ಅಪ್ಪೆಮರಗಳು ಬುಡದವರೆಗೆ ನೀರಲ್ಲಿ ನಿಂತಿರುತ್ತವೆ, ಕೆಳಗೆ ಸಾಣಿಕಟ್ಟಾದ ಮಡಿಗಳೆಲ್ಲ ಸಿಹಿನೀರಲ್ಲಿ ಮುಳುಗಿರುತ್ತವೆ. ಒಲೆಯ ಪಕ್ಕದ ಹಲಗೆಯ ಮೇಲೆ ಹಳೆಯ ಮರದ ಮರಿಗೆಯಲ್ಲಿ ಉಳಿದ ಕಲ್ಲುಪ್ಪು ಇದೆ. ಮೂರು ದಿನದಿಂದ ಅದು ಗಾಳಿಯ ಪಸೆ ಹೀರಿ ಬೆವರುತ್ತಿತ್ತು, ಇವತ್ತು ತಳದ ಸಂದಿಯಿಂದ ಒಸರತೊಡಗಿದೆ. ಆಯಿ ಎದ್ದು ಒಂದು ಗರಟೆ ಹುಡುಕಿ ಅದರ ಕೆಳಗಿಟ್ಟಳು. ಒಂದು ಹನಿ ಕಟ್ಟಿತು, ದುಂಡಗಾಯಿತು, ಒಲೆಯ ಬೆಂಕಿಯನ್ನು ಒಂದು ಕ್ಷಣ ತನ್ನೊಳಗೆ ಹಿಡಿದು ತೂಗಿತು, ಬಿತ್ತು.